ಆಡದವನ ಆಸೆ

ಆಡುವವನು ಗೆಲುವನ್ನು ಬಯಸುವುದರಲ್ಲಿ ಆಶ್ಚರ್ಯವಿಲ್ಲ. ಅವನು ಬೆವರು ಸುರಿಸಿದ್ದಾನೆ, ಬೆಳಗಿನ ಜಾವದ ನಿದ್ದೆ ಬಿಟ್ಟಿದ್ದಾನೆ, ಮೊಣಕಾಲಿನ ಚರ್ಮ ಕಳೆದುಕೊಂಡಿದ್ದಾನೆ. ಅವನ ಬಯಕೆಗೆ ಒಂದು ಆಧಾರ ಉಂಟು. ಆದರೆ ಗ್ಯಾಲರಿಯಲ್ಲಿ ಕುಳಿತವನು, ಅಥವಾ ಮನೆಯ ಚಾವಡಿಯಲ್ಲಿ ಟಿ.ವಿ.ಯ ಮುಂದೆ ನೆಲಗಡಲೆ ಸುಲಿಯುತ್ತ ಕುಳಿತವನು ಅದೇ ಗೆಲುವಿಗಾಗಿ ನಿದ್ದೆಗೆಡುವುದು ಏಕೆ? ಚೆಂಡನ್ನು ಒಮ್ಮೆಯೂ ಮುಟ್ಟದವನಿಗೆ ಅದರ ಫಲದ ಮೇಲೆ ಯಾವ ಹಕ್ಕು? ಇನ್ನೂ ಆರಂಭವೇ ಆಗದ ಪಂದ್ಯಗಳ ಬಗ್ಗೆ ತಿಂಗಳುಗಟ್ಟಲೆ ಮೊದಲೇ ಆಸೆ ಆತಂಕಗಳನ್ನು ಪಡುವುದು ವಿವೇಕಿಗೆ ತಕ್ಕದ್ದೇ?

ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರೀತು. ಆದರೆ ಸ್ವಲ್ಪ ಯೋಚಿಸಿ ನೋಡಿದರೆ ನಮ್ಮ ಬದುಕಿನ ಆಸೆಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಮಳೆ ಸಕಾಲಕ್ಕೆ ಬರಲಿ, ಅಡಿಕೆಗೆ ಕೊಳೆರೋಗ ಬಾರದಿರಲಿ, ಮಗಳ ಪರೀಕ್ಷೆ ಸುಲಭವಾಗಲಿ, ಆಸ್ಪತ್ರೆಯಲ್ಲಿರುವ ನೆರೆಯವರು ಎದ್ದು ಬರಲಿ ಎಂದು ನಾವು ಬಯಸುತ್ತೇವೆ. ಇವುಗಳಲ್ಲಿ ನಮ್ಮ ಕೈ ನಡೆಯುವುದು ಎಷ್ಟು? ಕಾಲ್ಚೆಂಡಿನ ಅಭಿಮಾನಿಯ ಆಸೆ ಈ ದೊಡ್ಡ ರೋಗದ ಸಣ್ಣ ಮಾದರಿ ಮಾತ್ರ. ಸಣ್ಣದಾದ್ದರಿಂದ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡುವುದು ಸುಲಭ.

ಈ ಯೋಚನೆಗೆ ನನ್ನನ್ನು ಹಚ್ಚಿದವನು ನನ್ನ ಸೋದರಳಿಯ. ಅವನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ ಈಗ ಅದೇ ಊರಿನಲ್ಲಿ, ಆ್ಯನ್ ಆರ್ಬರ್ ಎಂಬಲ್ಲಿ, ಉದ್ಯೋಗದಲ್ಲಿದ್ದಾನೆ. ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಅವನ ಫೋನಿನ ಮಾತೆಲ್ಲ ಒಂದೇ: ಕಾಲೇಜಿನ ಫುಟ್‌ಬಾಲ್. ಅಲ್ಲಿಯ ಫುಟ್‌ಬಾಲ್ ನಮ್ಮದಲ್ಲ. ಚೆಂಡು ಗುಂಡಗಿಲ್ಲ, ಎರಡು ತುದಿ ಚೂಪಾದ ಮೊಟ್ಟೆಯಂತಿರುತ್ತದೆ. ಹೆಚ್ಚಿನ ಹೊತ್ತು ಅದು ಇರುವುದು ಕಾಲಿನಲ್ಲಲ್ಲ, ಕೈಯಲ್ಲಿ. 100 ಗಜದ ಅಂಕಣ, ಒಂದು ಕಡೆಗೆ 11 ಮಂದಿ, 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ತಲೆಗೆ ಶಿರಸ್ತ್ರಾಣ ಹಾಕಿಕೊಂಡು ಒಬ್ಬರನ್ನೊಬ್ಬರು ಟಗರಿನ ಹಾಗೆ ಗುದ್ದುತ್ತಾರೆ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಎಂಬ ಎರಡು ಕಾಲೇಜುಗಳ ನಡುವೆ ನಡೆದ ಪಂದ್ಯವನ್ನು ಈ ಆಟದ ಆದಿ ಎಂದು ಲೆಕ್ಕ ಹಿಡಿಯುತ್ತಾರೆ. ಆಗಸ್ಟಿನ ಕೊನೆಗೆ ಋತು ಆರಂಭ, ನವೆಂಬರಿನ ಕೊನೆಗೆ ಹಳೆಯ ವೈರಿಗಳೊಡನೆ ಮುಖಾಮುಖಿ. ಮಿಷಿಗನ್ನಿನ ವೈರಿ ನೆರೆರಾಜ್ಯದ ಓಹಾಯೋ ಸ್ಟೇಟ್. 1897ರಿಂದ ಆ ಹಗೆ ನಡೆದು ಬಂದಿದೆ.

ಆ ಊರಿನ ಸ್ಟೇಡಿಯಂ 1927ರದ್ದು. ಅದರಲ್ಲಿ ಈಗ 1,07,601 ಮಂದಿ ಕುಳಿತುಕೊಳ್ಳಬಹುದು. ಊರಿನ ಒಟ್ಟು ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 1,24,000. ನಮ್ಮ ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರಲ್ಲಿ ಸುಮಾರು 54,000. ಅಂದರೆ ಇಲ್ಲಿಯ ಮಗು ಮರಿ ಮುದುಕರೆಲ್ಲ ಹೋಗಿ ಕುಳಿತರೂ ಆ ಸ್ಟೇಡಿಯಂ ಅರ್ಧ ಖಾಲಿ! ಅಷ್ಟು ಜನ ಸೇರುವುದು ಇಪ್ಪತ್ತು ವರ್ಷದ ಕಾಲೇಜು ಹುಡುಗರ ಆಟ ನೋಡಲು ಎಂದರೆ ಅಭಿಮಾನದ ಪ್ರಮಾಣ ಊಹಿಸಿಕೊಳ್ಳಿ.

"ಈ ಸಲ ಏನೂ ಹೇಳ್ಲಿಕ್ಕೆ ಆಗುದಿಲ್ಲ ಮಾವ, ಎಲ್ಲ ಹೊಸ ಹುಡುಗರು" ಎಂದು ಅವನು ಪ್ರತಿ ಆಗಸ್ಟಿನಲ್ಲೂ ಹೇಳುತ್ತಾನೆ.

"ಹೇಳ್ಲಿಕ್ಕೆ ಆದದ್ದು ಯಾವಾಗ ಮಾರಾಯ?" ಎಂದು ನಾನು ಕೇಳುತ್ತೇನೆ.

ಅವನು ನಗುತ್ತಾನೆ. ಆದರೆ ನನ್ನ ಸ್ಥಿತಿ ಬೇರೆಯೇನಲ್ಲ. ಚೆರುವತ್ತೂರು ಕಡೆಯ ಒಂದು ಶಾಖೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದಾಗ ಕಾಲ್ಚೆಂಡಿನ ಹುಚ್ಚು ನನಗೂ ಹತ್ತಿತು. ನಮ್ಮ ಕುಂಬಳೆ ಮಂಜೇಶ್ವರದ ಕಡೆ ಕಬಡ್ಡಿ, ಕ್ರಿಕೆಟ್ಟು, ಯಕ್ಷಗಾನಗಳ ಹುಚ್ಚು ಹೆಚ್ಚು. ತೃಕರಿಪುರ ಪಡನ್ನಗಳ ಕಡೆ ಹೋದರೆ ಕಾಲ್ಚೆಂಡೇ ಊರಿನ ಉಸಿರು. ಅಲ್ಲಿ ಪಾಸ್‌ಬುಕ್ ಹಿಡಿದು ಬಂದವರು ಬಾಕಿ ಕೇಳುವ ಮೊದಲು "ಈ ಪ್ರಾವಶ್ಯಂ ಜಯಿಕ್ಕುಮೋ ಸಾರೇ?" ಎಂದು ಕೇಳುತ್ತಿದ್ದರು. ಈ ಸಲ ಗೆದ್ದೇವೇ ಎಂಬ ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಬ್ಯಾಂಕಿನ ಗುಮಾಸ್ತನಿಗೆ ಎಲ್ಲಿಂದ ಬಂತು? ಆದರೂ ಕೇಳುವವರಿಗೆ ಸಂಕೋಚವಿಲ್ಲ, ಹೇಳುವವನಿಗೂ ಇಲ್ಲ.

ಗೀತೆಯ ಬೋಧೆ ನಮಗೆಲ್ಲ ಗೊತ್ತಿದ್ದದ್ದೇ: ದುಡಿಯಬೇಕು, ದುಡಿಮೆಯ ಫಲಕ್ಕೆ ಅಂಟಿಕೊಳ್ಳಬಾರದು. ಕರ್ಮ ಮಾಡಿ ಫಲ ಬಿಡುವವನು ಯೋಗಿ. ಕರ್ಮ ಮಾಡಿ ಫಲ ಬಯಸುವವನು ಲೋಕದ ಸಾಮಾನ್ಯ ಮನುಷ್ಯ. ಕರ್ಮವೂ ಬೇಡ ಫಲವೂ ಬೇಡ ಎನ್ನುವವನು ಸೋಮಾರಿ. ನಾಲ್ಕನೆಯ ಒಂದು ವರ್ಗ ಉಂಟು, ಅದರ ಬಗ್ಗೆ ಆಚಾರ್ಯರು ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ: ಕರ್ಮ ಏನೂ ಮಾಡದೆ ಫಲವನ್ನು ಮಾತ್ರ ಬಯಸುವವನು. ಅಭಿಮಾನಿಯೆಂದರೆ ಅವನೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಠೇವಣಿ ಇಡದೆ ಬಡ್ಡಿ ಕೇಳುವ ಗಿರಾಕಿ.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳ ಚಿತ್ರ ಬರುತ್ತದೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ತಿನ್ನುವುದು ಜೀವ, ನೋಡುವುದು ಸಾಕ್ಷಿ ಎಂದು ತಿಳಿದವರು ಅರ್ಥ ಹೇಳುತ್ತಾರೆ. ಅಭಿಮಾನಿಯನ್ನು ಆ ಮರದಲ್ಲಿ ಎಲ್ಲಿ ಕೂರಿಸೋಣ? ಅವನು ತಿನ್ನುವ ಹಕ್ಕಿಯಲ್ಲ. ನೋಡುವ ಹಕ್ಕಿಯ ಸಮಾಧಾನವೂ ಅವನಿಗಿಲ್ಲ. ಅವನು ಮೂರನೆಯ ಹಕ್ಕಿ: ತಿನ್ನುವುದಿಲ್ಲ, ಆದರೆ ಬಾಯಲ್ಲಿ ನೀರು ಸುರಿಯುತ್ತದೆ. ಮೊದಲ ಹಕ್ಕಿಯ ಹಣ್ಣು ಕೈತಪ್ಪಿ ಕೆಳಗೆ ಬಿದ್ದರೆ ಅದಕ್ಕಿಂತ ಹೆಚ್ಚು ಅಳುವುದು ಇವನೇ.

ಹಾಗಾದರೆ ಇದು ಕೇವಲ ಅವಿವೇಕ ಎಂದು ಮುಗಿಸಿಬಿಡೋಣವೇ? ಅಷ್ಟು ಬೇಗ ಬೇಡ. 'ಅಭಿಮಾನಿ' ಎಂಬ ನಮ್ಮ ಮಾತನ್ನೇ ಗಮನಿಸಿ. ವೇದಾಂತದಲ್ಲಿ ಅಭಿಮಾನವೆಂದರೆ ನಾನಲ್ಲದ್ದನ್ನು 'ನಾನು' ಎಂದೂ ನನ್ನದಲ್ಲದ್ದನ್ನು 'ನನ್ನದು' ಎಂದೂ ತಿಳಿಯುವುದು. ದೇಹಾಭಿಮಾನ ಎಂಬ ಮಾತು ಬಂದದ್ದು ಹಾಗೆ. ಅದೇ ಪದವನ್ನು ನಾವು ಭಾಷಾಭಿಮಾನ, ಸ್ವಾಭಿಮಾನ ಎಂದು ಗೌರವದಿಂದಲೂ ಬಳಸುತ್ತೇವೆ. ಒಂದೇ ಪದ ಒಂದು ಕಡೆ ಬಂಧನದ ಹೆಸರು, ಇನ್ನೊಂದು ಕಡೆ ಗುಣದ ಹೆಸರು. ಯಾವುದು ಸರಿ ಎಂದು ತೀರ್ಮಾನಿಸಬೇಕಾದರೆ ಅಭಿಮಾನಿ ಬಾಯ್ತುಂಬ ಹೇಳುವ 'ನಾವು' ಎಂಬ ಮಾತನ್ನು ಪರೀಕ್ಷಿಸಬೇಕು. ಆಡಿದವರು ಹನ್ನೊಂದು ಮಂದಿ. 'ನಾವು ಗೆದ್ದೆವು' ಎನ್ನುವವರು ಲಕ್ಷ ಮಂದಿ.

ಇಲ್ಲಿ ನಮ್ಮ ಗಡಿನಾಡಿನ ಭಾಷೆಗಳೇ ನಮಗೆ ಸಹಾಯಕ್ಕೆ ಬರುತ್ತವೆ. ಕನ್ನಡದಲ್ಲಿ 'ನಾವು' ಒಂದೇ. ಮಲಯಾಳದಲ್ಲಿ ಎರಡು ಉಂಟು. ಕೇಳುವವನನ್ನು ಹೊರಗಿಟ್ಟು ಹೇಳುವಾಗ 'ಞಙ್ಙಳ್', ಅವನನ್ನೂ ಸೇರಿಸಿ ಹೇಳುವಾಗ 'ನಮ್ಮಳ್'. ತುಳುವಿನಲ್ಲಿಯೂ ಹಾಗೆ: ಹೊರಗಿಡುವಾಗ 'ಎಂಕುಳು', ಸೇರಿಸುವಾಗ 'ನಮ'. ನಾನು ಚೆರುವತ್ತೂರಿನಲ್ಲಿದ್ದಷ್ಟು ಕಾಲ ಕಾಲ್ಚೆಂಡಿನ ಮಾತಿನಲ್ಲಿ 'ಞಙ್ಙಳ್ ಜಯಿಕ್ಕುಂ' ಎಂದು ಯಾರೂ ನನ್ನ ಎದುರು ಹೇಳಲಿಲ್ಲ. 'ನಮ್ಮಳ್ ಜಯಿಕ್ಕುಂ' ಎಂದೇ ಹೇಳಿದರು. ನಾನು ಕನ್ನಡದವನೆಂದು ಅವರಿಗೆ ಗೊತ್ತಿತ್ತು, ನನ್ನ ಮಲಯಾಳದ ಉಚ್ಚಾರ ಎರಡು ವಾಕ್ಯದೊಳಗೆ ನನ್ನನ್ನು ಹಿಡಿದುಕೊಡುತ್ತದೆ. ಆದರೂ ಆ 'ನಮ್ಮಳ್' ಒಳಗೆ ನನಗೊಂದು ಚಾಪೆ ಹಾಸಿದ್ದರು. ಹಕ್ಕಿನಿಂದ ಬಂದ 'ನಾವು' ಒಂದು, ಕರೆದು ಕೂರಿಸಿದ 'ನಾವು' ಇನ್ನೊಂದು. ಅಭಿಮಾನಿಯದು ಎರಡನೆಯದು ಎಂದು ನನ್ನ ಅನಿಸಿಕೆ.

ಇನ್ನೊಂದು ತೊಡಕು ಉಂಟು. ನಾವು ಅಭಿಮಾನ ಪಡುವುದು ಯಾರ ಮೇಲೆ? ಕಾಲೇಜಿನ ತಂಡದಲ್ಲಿ ಇಂದು ಇದ್ದವರು ಮೂರು ನಾಲ್ಕು ವರ್ಷದಲ್ಲಿ ಒಬ್ಬರೂ ಇರುವುದಿಲ್ಲ. ನಮ್ಮ ಅಳಿಯನ ದೊಡ್ಡ ಚಿಂತೆ ಇದೇ. ಅಲ್ಲಿ ಹಿಂದೆ ಆಟಗಾರ ಒಂದು ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ಅಲ್ಲಿಯೇ ಉಳಿಯುತ್ತಿದ್ದ. 2018ರಲ್ಲಿ ಕಾಲೇಜು ಬದಲಿಸಬಯಸುವವರ ಹೆಸರು ದಾಖಲಿಸುವ ಹೊಸ ಏರ್ಪಾಡು ಬಂತು. 2021ರಿಂದ ಆಟಗಾರರು ತಮ್ಮ ಹೆಸರು ಮುಖಗಳನ್ನು ಜಾಹೀರಾತಿಗೆ ಬಳಸಿ ಹಣ ಗಳಿಸಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. "ನಮ್ಮವರು ಯಾರು ಅಂತ ಗೊತ್ತಾಗುವಷ್ಟರಲ್ಲಿ ಬೇರೆಯವರಾಗಿರ್ತಾರೆ ಮಾವ" ಎಂದು ಅವನ ದೂರು.

ಅವನ ದೂರಿನಲ್ಲಿ ಅರ್ಧ ನ್ಯಾಯ ಉಂಟು, ಅರ್ಧ ಇಲ್ಲ. ಲಕ್ಷ ಜನರಿಂದ ಟಿಕೆಟಿನ ಹಣ ಬರುವ ಆಟದಲ್ಲಿ ಆಡುವವನಿಗೆ ಮಾತ್ರ ಹಣ ಕೂಡದು ಎಂದರೆ ಅದು ಯಾವ ಧರ್ಮ? ಅಭಿಮಾನಿಯ ಭಾವನೆಗೆ ನೋವಾಗುತ್ತದೆ ಎಂದು ಆಟಗಾರ ಬಡವನಾಗಿಯೇ ಇರಬೇಕೇ? ಇನ್ನು ಆಟಗಾರ ಬದಲಾದರೆ ತಂಡ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ನಮ್ಮವರು ಎಂದೋ ಉತ್ತರ ಕೊಟ್ಟಿದ್ದಾರೆ. ಯಕ್ಷಗಾನದ ಮೇಳಗಳನ್ನು ನೋಡಿ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆದು ಮುಂದಿನ ತಿರುಗಾಟಕ್ಕೆ ಹೊರಡುವವರೆಗೆ ನಮ್ಮ ಊರ ಜಗಲಿಗಳಲ್ಲಿ ಇದೇ ಚರ್ಚೆ: ಭಾಗವತರು ಯಾವ ಮೇಳಕ್ಕೆ ಹೋದರಂತೆ? ಆ ಪುಂಡುವೇಷಧಾರಿ ಮೇಳ ಬಿಟ್ಟದ್ದು ಹೌದೇ? ಸ್ತ್ರೀವೇಷಕ್ಕೆ ಯಾರು? ಮಳೆಗಾಲದ ಈ ಆಸೆ ಆತಂಕಕ್ಕೂ ಆ್ಯನ್ ಆರ್ಬರಿನ ಆಗಸ್ಟ್ ತಿಂಗಳಿಗೂ ನನಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಕಲಾವಿದರು ಬದಲಾಗುತ್ತಾರೆ, ಮೇಳ ಉಳಿಯುತ್ತದೆ. ಏಕೆಂದರೆ ಮೇಳವೆಂದರೆ ಬಣ್ಣ ಹಚ್ಚಿದವರು ಮಾತ್ರವಲ್ಲ. ವರ್ಷವೂ ಹೋಗಿ ಕುಳಿತು ಅದನ್ನು ಅದೇ ಹೆಸರಿನಿಂದ ಕರೆಯುವವರೂ ಮೇಳವೇ.

ಇಲ್ಲಿ ಅಭಿಮಾನಿಯ ಕರ್ಮ ಯಾವುದು ಎಂಬುದರ ಸುಳಿವು ಸಿಕ್ಕಿತು. ಅವನು ಚೆಂಡನ್ನು ಒದೆಯುವುದಿಲ್ಲ ನಿಜ. ಆದರೆ ಹೆಸರನ್ನು ಹೊತ್ತುಕೊಂಡು ಹೋಗುತ್ತಾನೆ. ಆಟಗಾರರಿಗೆ ಒಂದೆರಡು ವರ್ಷದ ನೆನಪಾದರೆ ಅಭಿಮಾನಿಗೆ ನಲವತ್ತು ವರ್ಷದ್ದು. ಕೇರಳ ಮೊದಲ ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು 1973ರ ಡಿಸೆಂಬರಿನಲ್ಲಿ, ಎರ್ನಾಕುಳದ ಮಹಾರಾಜಾಸ್ ಕಾಲೇಜಿನ ಮೈದಾನದಲ್ಲಿ. ರೈಲ್ವೇ ವಿರುದ್ಧ 3-2. ನಾಯಕ ಮಣಿ ಅವರೊಬ್ಬರದೇ ಮೂರು ಗೋಲು. ನಾನು ಆಗ ಹುಟ್ಟಿರಲಿಲ್ಲ. ಆದರೂ ಆ ಆಟದ ವಿವರ ನನಗೆ ಬಾಯಿಪಾಠ. ಬ್ಯಾಂಕಿನ ಕೌಂಟರಿನ ಆಚೆ ನಿಂತ ಹಿರಿಯರು ಅದನ್ನು ನಿನ್ನೆ ಸಂಜೆ ನಡೆದಂತೆ ಹೇಳುತ್ತಿದ್ದರು.

ನೆನಪಿಗೆ ಒಂದು ಬೆಲೆಯೂ ಉಂಟು. ಹೊಸ ಋತು ಆರಂಭವಾಗುವಾಗ ಎಲ್ಲ ತಂಡಗಳ ಲೆಕ್ಕವೂ ಸೊನ್ನೆ. ಬ್ಯಾಂಕಿನಲ್ಲಿ ಹೊಸ ಲೆಡ್ಜರ್ ತೆರೆದರೆ ಹಾಗಲ್ಲ, ಹಳೆಯ ಬಾಕಿಯನ್ನು ಮೊದಲ ಸಾಲಿನಲ್ಲಿ ಬರೆಯಬೇಕು. ತಂಡಕ್ಕೆ ಹೊಸ ಪುಸ್ತಕ, ಅಭಿಮಾನಿಗೆ ಹಳೆಯ ಬಾಕಿ. ಕೇರಳ ಬ್ಲಾಸ್ಟರ್ಸ್‌ನ ಅಭಿಮಾನಿಗಳನ್ನು ಕೇಳಿ ನೋಡಿ. 2014, 2016, 2022 ಹೀಗೆ ಮೂರು ಬಾರಿ ಐ.ಎಸ್.ಎಲ್. ಫೈನಲಿಗೆ ಹೋಗಿ ಮೂರು ಬಾರಿಯೂ ಸೋತ ತಂಡ ಅದು. 2016ರಲ್ಲಿ ಕೊಚ್ಚಿಯಲ್ಲೇ, ತಮ್ಮವರ ಕಣ್ಣೆದುರಿಗೇ ಸೋತರು. ಆ ದಿನ ಮೊದಲ ಗೋಲು ಹೊಡೆದವನು ನಮ್ಮ ಜಿಲ್ಲೆಯ ತೃಕರಿಪುರದ ಮಹಮ್ಮದ್ ರಾಫಿ. ಗೋಲು ಬಿದ್ದಾಗ ಇಡೀ ಜಿಲ್ಲೆ ಎದ್ದು ನಿಂತಿತು, ಪೆನಾಲ್ಟಿ ಮುಗಿದಾಗ ಕುಳಿತಿತು. ಮುಂದಿನ ವರ್ಷ ಮತ್ತೆ ಅದೇ ಹಳದಿ ಅಂಗಿ. 2025ರಲ್ಲಂತೂ ಬೇರೆಯೇ ಬಗೆಯ ಆತಂಕ. ಸಂಘಟಕರ ಒಪ್ಪಂದದ ತಕರಾರಿನಿಂದಾಗಿ ಆ ಜುಲೈಯಲ್ಲಿ ಹೊಸ ಋತುವನ್ನೇ ತಡೆಹಿಡಿದರು. ವಾಡಿಕೆಯ ಸೆಪ್ಟೆಂಬರಿನಲ್ಲಿ ಆಟ ಆರಂಭವಾಗಲಿಲ್ಲ. ಗೆಲ್ಲುತ್ತೇವೆಯೇ ಎಂದು ಕೇಳುತ್ತಿದ್ದವರು ಆಡುತ್ತಾರೆಯೇ ಎಂದು ಕೇಳತೊಡಗಿದರು. ಸೋಲಲಿಕ್ಕೂ ಒಂದು ಆಟ ಬೇಕಲ್ಲ!

ಕನ್ನಡದಲ್ಲಿ ನಮಗೆ ಮೂರು ಮಾತುಗಳಿವೆ: ಆಸೆ, ನಿರೀಕ್ಷೆ, ಭರವಸೆ. ನಾವು ಇವನ್ನು ಒಂದರ ಬದಲು ಇನ್ನೊಂದರಂತೆ ಬಳಸುತ್ತೇವೆ. ಆದರೆ ಮೂರೂ ಬೇರೆ. ಆಸೆ ಎಂದರೆ ಬೇಕು ಎಂಬ ಹಂಬಲ, ಅದಕ್ಕೆ ಕಾರಣ ಬೇಕಾಗಿಲ್ಲ. ನಿರೀಕ್ಷೆ ಎಂದರೆ ದಾರಿ ನೋಡುವುದು. ಅದರಲ್ಲಿ ಲೆಕ್ಕಾಚಾರ ಉಂಟು, ಬರಬೇಕಾದ್ದು ಬರಲೇಬೇಕೆಂಬ ಹಟವೂ ಉಂಟು. ಭರವಸೆ ಎಂದರೆ ಭಾರ ಹಾಕಿ ನಿಲ್ಲುವುದು. ಬರಲಿ ಬಾರದಿರಲಿ ಕಾಲು ತೆಗೆಯದಿರುವುದು.

ನಿರೀಕ್ಷೆಯ ಗತಿ ಏನಾಗುತ್ತದೆ ಎಂಬುದಕ್ಕೆ ಮಿಷಿಗನ್ನಿನಲ್ಲಿ ಒಂದು ಕಥೆಯನ್ನು ಇಂದಿಗೂ ಹೇಳುತ್ತಾರಂತೆ. 2007ರ ಸೆಪ್ಟೆಂಬರ್ 1, ಋತುವಿನ ಮೊದಲ ಪಂದ್ಯ. ದೇಶಕ್ಕೇ ಐದನೆಯ ಸ್ಥಾನದಲ್ಲಿ ಎಣಿಸಲ್ಪಟ್ಟಿದ್ದ ಮಿಷಿಗನ್ ತನ್ನದೇ ಸ್ಟೇಡಿಯಂನಲ್ಲಿ, ಆಗ ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದ ಅಪಲಾಚಿಯನ್ ಸ್ಟೇಟ್ ಎಂಬ ಕಾಲೇಜನ್ನು ಎದುರಿಸಿತು. 34-32ರಿಂದ ಸೋತಿತು. ಕೊನೆಯ ಗಳಿಗೆಯಲ್ಲಿ ಗೆಲುವಿಗಾಗಿ ಒದ್ದ ಚೆಂಡನ್ನು ಎದುರಾಳಿಗಳು ಕೈಯೆತ್ತಿ ತಡೆದರು. ಬೇಸಗೆಯಿಡೀ ಕೂಡಿಟ್ಟ ನಿರೀಕ್ಷೆ ಒಂದೇ ಮಧ್ಯಾಹ್ನ ಮುಗಿಯಿತು. ಅದೇ ಮಿಷಿಗನ್ 2023ರ ಋತುವಿನಲ್ಲಿ 15 ಪಂದ್ಯಗಳನ್ನು ಆಡಿ ಹದಿನೈದನ್ನೂ ಗೆದ್ದು, 2024ರ ಜನವರಿ 8ರಂದು ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು 34-13ರಿಂದ ಮಣಿಸಿ ರಾಷ್ಟ್ರದ ಅಗ್ರಪಟ್ಟ ಪಡೆಯಿತು. ಆ ರಾತ್ರಿ ನಮ್ಮ ಅಳಿಯ ಬೀದಿಯಲ್ಲಿ ಹಿಮ ತುಳಿದುಕೊಂಡು ಕುಣಿದನಂತೆ. ಅವನ ಪಕ್ಕ ಕುಣಿದವರಲ್ಲಿ 2007ರ ಸೋಲನ್ನು ಗ್ಯಾಲರಿಯಲ್ಲಿ ಕುಳಿತು ನೋಡಿದ ಮುದುಕರೂ ಇದ್ದರಂತೆ. ನಿರೀಕ್ಷೆ ಮಾತ್ರ ಇದ್ದವರು 2007ರಲ್ಲೇ ಮನೆಗೆ ಹೋಗಿರಬೇಕು. 2024ರವರೆಗೆ ನಿಂತದ್ದು ಭರವಸೆ.

ಇನ್ನು ಈ ಪುಟಗಳ ಓದುಗರಿಗೆ ಹತ್ತಿರವಾದ ವಿಚಾರಕ್ಕೆ ಬರುತ್ತೇನೆ. 2022ರ ಏಪ್ರಿಲ್ 28ರಂದು ಮಂಜೇರಿಯ ಪಯ್ಯನಾಡ್ ಸ್ಟೇಡಿಯಂನಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್. ಕೇರಳ ಒಂದು ಕಡೆ, ಕರ್ನಾಟಕ ಇನ್ನೊಂದು ಕಡೆ. ವಾರದ ಮೊದಲೇ ಸಹೋದ್ಯೋಗಿಗಳು ನಗುತ್ತ ಕೇಳತೊಡಗಿದರು, "ನಿಙ್ಙಳ್ ಆರುಡೆ ಕೂಡೆಯಾ ಸಾರೇ?" ನೀವು ಯಾರ ಜೊತೆ? ತಮಾಷೆಯ ಪ್ರಶ್ನೆ. ಆದರೆ ಕಾಸರಗೋಡಿನ ಕನ್ನಡಿಗನಿಗೆ ಇದು ಯಾವ ಯಾವ ವೇಷದಲ್ಲಿ ಎದುರಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಮಗುವನ್ನು ಶಾಲೆಗೆ ಸೇರಿಸುವಾಗ, ಅರ್ಜಿಯ ಫಾರಂ ತುಂಬುವಾಗ, ಮಂಗಳೂರಿನ ನೆಂಟರ ಮನೆಯಲ್ಲಿ 'ನೀವು ಕೇರಳದವರು' ಎನಿಸಿಕೊಳ್ಳುವಾಗ ಕೇಳಿಸುವುದು ಇದೇ ಪ್ರಶ್ನೆ. 1956ರ ನವೆಂಬರ್ 1ರಿಂದ ನಮ್ಮ ಹಿರಿಯರು ಇದಕ್ಕೆ ಉತ್ತರ ಹೇಳುತ್ತಲೇ ಬಂದಿದ್ದಾರೆ.

ಆ ದಿನ ಮೊದಲ ಗೋಲು ಕರ್ನಾಟಕದ್ದು. ನನಗೆ ಸಂತೋಷವಾಯಿತು. ಆಮೇಲೆ ಕೇರಳದ ಕಡೆಯಿಂದ ಬದಲಿ ಆಟಗಾರನಾಗಿ ಇಳಿದ ಜೆಸಿನ್ ಎಂಬ ಹುಡುಗ ಒಂದರ ಮೇಲೊಂದರಂತೆ ಐದು ಗೋಲು ಹೊಡೆದ. ಬೆಂಚಿನಿಂದ ಎದ್ದು ಬಂದವನು ಐದು ಗೋಲು! ಅದಕ್ಕೂ ಸಂತೋಷವಾಯಿತು. ಪಂದ್ಯ 7-3ರಲ್ಲಿ ಮುಗಿಯಿತು. ಮುಂದೆ ಬಂಗಾಳವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕೇರಳ ಏಳನೆಯ ಬಾರಿ ಕಪ್ಪು ಗೆದ್ದಿತು. ಮರುವರ್ಷ, 2023ರ ಮಾರ್ಚಿನಲ್ಲಿ, ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದೇ ಕಪ್ಪನ್ನು ಎತ್ತಿತು. ಅದಕ್ಕೆ ಮೊದಲು ಅವರು ಗೆದ್ದದ್ದು 1968-69ರಲ್ಲಿ. ಆಗ ರಾಜ್ಯದ ಹೆಸರು ಮೈಸೂರು. ಹೆಸರು ಬದಲಾಗಿತ್ತು, ಆಡಿದವರು ಮುದುಕರಾಗಿದ್ದರು, ಕಾದವರ ಆಸೆ ಮಾತ್ರ ಐವತ್ತು ವರ್ಷ ದಾಟಿ ಬಂದಿತ್ತು.

ತರ್ಕಶಾಸ್ತ್ರಿಗಳು ಆಕ್ಷೇಪಿಸಬಹುದು: ಒಂದೇ ಪಂದ್ಯದಲ್ಲಿ ಇಬ್ಬರೂ ಗೆಲ್ಲಲಿ ಎಂದು ಬಯಸುವುದು ಅಸಂಗತ. ಹೌದು, ಗೆಲುವು ಒಂದೇ, ಇಬ್ಬರಿಗೆ ಹಂಚಲು ಬಾರದು. ಆದರೆ ಪ್ರೀತಿ ಹಾಗಲ್ಲ. ಒಂದೇ ಹುದ್ದೆಗೆ ಇಬ್ಬರು ಹೆಣ್ಣುಮಕ್ಕಳು ಪರೀಕ್ಷೆ ಬರೆದರೆ ತಾಯಿ ಯಾರ ಹೆಸರಿಗೆ ತುಪ್ಪದ ದೀಪ ಹಚ್ಚಬೇಕು? ಅವಳು ಎರಡು ದೀಪ ಹಚ್ಚುತ್ತಾಳೆ. ಅದು ಅಸಂಗತವಲ್ಲ, ಅವಳಿರುವ ಸ್ಥಿತಿಯೇ ಹಾಗೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ: ಹಾಗಾದರೆ ನಿಮಗೆ ಯಾವಾಗಲೂ ಲಾಭವೇ, ಯಾರು ಗೆದ್ದರೂ ಪಾಯಸ! ಅಲ್ಲ. ಯಾರು ಗೆದ್ದರೂ ನಮ್ಮದೊಂದು ಸೋತಿರುತ್ತದೆ. ಎರಡು ಮನೆ ಇದ್ದವನಿಗೆ ಕಂದಾಯವೂ ಎರಡು. ಒಂದೇ ಮನೆಯವನು ಆಟದ ಮರುದಿನ ನಗುತ್ತ ಕಚೇರಿಗೆ ಬರಬಹುದು, ನಾವು ಮಾತ್ರ ಯಾರೊಡನೆಯೂ ಪೂರ್ತಿ ನಗಲಾರೆವು. ಈ ಎರಡು ಕಂದಾಯ ಕಟ್ಟುವುದು ಗಡಿನಾಡಿನವನ ಪಾಡೂ ಹೌದು, ಭಾಗ್ಯವೂ ಹೌದು. 'ಯಾರ ಜೊತೆ' ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಲೇಬೇಕೆಂಬ ಬಲವಂತ ಪ್ರಶ್ನೆಯ ದೋಷ. ಅದನ್ನು ನಮ್ಮ ನಿಷ್ಠೆಯ ಕೊರತೆ ಎಂದು ತಿಳಿಯಬೇಕಾಗಿಲ್ಲ.

ಇಷ್ಟು ಹೇಳಿ ಅಭಿಮಾನಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟರೆ ಅನ್ಯಾಯವಾದೀತು. ಏಕೆಂದರೆ ನಮ್ಮ ಸಂತೋಷದ ಬಿಲ್ಲನ್ನು ಬೇರೆಯವರ ಮೈ ತೆರುತ್ತದೆ. ಅಮೆರಿಕದ ಆ ಆಟದಲ್ಲಿ ತಲೆಗೆ ಬೀಳುವ ಪೆಟ್ಟಿನಿಂದ ಮೆದುಳು ಕ್ರಮೇಣ ಸವೆಯುವ ಒಂದು ಕಾಯಿಲೆ ಬರುತ್ತದೆ. 2017ರಲ್ಲಿ ಬಾಸ್ಟನ್ನಿನ ತಜ್ಞರು ಆ ಆಟ ಆಡಿ ತೀರಿಹೋದ 202 ಮಂದಿಯ ಮೆದುಳನ್ನು ಪರೀಕ್ಷಿಸಿ ವರದಿ ಕೊಟ್ಟರು. ಅವರಲ್ಲಿ ಕಾಲೇಜಿನ ಮಟ್ಟದವರೆಗೆ ಆಡಿದವರು 53 ಮಂದಿ. 48 ಮಂದಿಯಲ್ಲಿ ಆ ಕಾಯಿಲೆ ಇತ್ತು. ಅನುಮಾನವಿದ್ದ ಕುಟುಂಬಗಳೇ ಹೆಚ್ಚಾಗಿ ಮೆದುಳನ್ನು ದಾನ ಕೊಟ್ಟದ್ದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕವೆಂದು ಹೇಳುವಂತಿಲ್ಲ. ಆದರೂ ಆ ಸಂಖ್ಯೆ ಓದಿದವನಿಗೆ ಮುಂದಿನ ಗುದ್ದಿಗೆ ಚಪ್ಪಾಳೆ ತಟ್ಟುವಾಗ ಕೈ ಸ್ವಲ್ಪ ಹಿಂಜರಿಯಬೇಕು.

ನಮ್ಮ ಆಟ ಅಷ್ಟು ಕ್ರೂರವಲ್ಲ. ಆದರೆ ಇಲ್ಲಿಯೂ ಮರೆವಿನ ಕ್ರೌರ್ಯ ಉಂಟು. ನೆರೆಯ ಕಣ್ಣೂರು ಜಿಲ್ಲೆಯ ವಿ.ಪಿ. ಸತ್ಯನ್ ಭಾರತ ತಂಡದ ನಾಯಕರಾಗಿದ್ದವರು. ಕೇರಳ ಪೊಲೀಸ್ ತಂಡದಲ್ಲಿ ಬೆಳೆದು, 1992ರಲ್ಲಿ ಕೇರಳಕ್ಕೆ ಸಂತೋಷ್ ಟ್ರೋಫಿ ಗೆದ್ದು ಕೊಟ್ಟ ನಾಯಕ. ಆಮೇಲೆ ನನ್ನಂತೆ ಬ್ಯಾಂಕಿನ ನೌಕರ. ಗಾಯದ ನೋವು, ಖಿನ್ನತೆಗಳಿಂದ ಬಳಲಿ 2006ರ ಜುಲೈಯಲ್ಲಿ, 41ನೆಯ ವಯಸ್ಸಿನಲ್ಲಿ, ಚೆನ್ನೈಯಲ್ಲಿ ಬದುಕನ್ನು ತಾವೇ ಮುಗಿಸಿಕೊಂಡರು. ಅವರು ಆಡುತ್ತಿದ್ದಾಗ 'ನಾವು' ಎಂದವರು ಲಕ್ಷಾಂತರ ಮಂದಿ. ಗಾಯವಾದ ಮೇಲೆ ಆ 'ನಾವು' ಎಲ್ಲಿ ಹೋಯಿತು? ಗೆದ್ದಾಗ 'ನಮ್ಮಳ್', ಸೋತಾಗ 'ಅವರು' ಎನ್ನುವುದಾದರೆ ವೇದಾಂತಿಗಳು ಅಭಿಮಾನವನ್ನು ಬಂಧನವೆಂದದ್ದೇ ಸರಿ. ಒಳಗೆ ಚಾಪೆ ಹಾಸಿ ಕರೆದ ಮೇಲೆ ಹಾಸಿದವನಿಗೆ ಕಷ್ಟ ಬಂದಾಗ ಚಾಪೆ ಮಡಚಿ ಎದ್ದು ಹೋಗುವುದು ಅತಿಥಿಯ ಲಕ್ಷಣವಲ್ಲ.

ಆದ್ದರಿಂದ ಆಡದವನ ಆಸೆಗೂ ಒಂದು ಧರ್ಮ ಉಂಟು ಎಂದು ನನ್ನ ತೀರ್ಮಾನ. ಠೇವಣಿ ಇಡದೆ ಬಡ್ಡಿ ಕೇಳಬಾರದು. ನಾವು ಇಡಬಹುದಾದ ಠೇವಣಿ ದೊಡ್ಡದೇನಲ್ಲ: ಕಾಲೇಜಿನ ಹುಡುಗರ ಸಣ್ಣ ಪಂದ್ಯಕ್ಕೂ ಹೋಗಿ ನಿಲ್ಲುವುದು, ಸೋತು ಬರುವ ಬಸ್ಸಿನೆದುರಿಗೆ ಕೂಗು ಹಾಕದಿರುವುದು, ತಪ್ಪು ಮಾಡಿದ ಗೋಲಿಯನ್ನು ಹತ್ತೊಂಬತ್ತು ವರ್ಷದ ಮಗುವೆಂದು ನೆನಪಿಡುವುದು, ಆಟ ಬಿಟ್ಟವನ ಹೆಸರನ್ನು ಆಡುವವನ ಹೆಸರಿನಷ್ಟೇ ಪ್ರೀತಿಯಿಂದ ಹೇಳುವುದು. ನಮ್ಮ ಕನ್ನಡ ಶಾಲೆಗಳ ಮಕ್ಕಳಲ್ಲಿ ಯಾವನಾದರೂ ಚೆಂಡಿನ ಹಿಂದೆ ಓಡುತ್ತಿದ್ದರೆ 'ಓದು ಮೊದಲು' ಎಂದು ಗದರಿಸುವ ಜೊತೆಗೆ ಒಂದು ಜೊತೆ ಬೂಟಿನ ಕ್ರಯವನ್ನೂ ವಿಚಾರಿಸುವುದು. ಇಷ್ಟು ಮಾಡಿದವನು ಫಲವನ್ನು ಬಯಸಿದರೆ ಕೃಷ್ಣನೂ ಕೋಪಿಸಲಾರ.

ಮತ್ತೆ ಆತಂಕ? ಅದು ಹೋಗುವುದಿಲ್ಲ, ಹೋಗಬೇಕಾದ್ದೂ ಇಲ್ಲ. ಯಾರ ಬಗ್ಗೆ ನಮಗೆ ಆತಂಕವಿಲ್ಲವೋ ಅವರು ನಮ್ಮವರಲ್ಲ ಎಂದೇ ಅರ್ಥ. ಮಳೆಗಾಲದ ಮೊದಲ ತಿಂಗಳಲ್ಲಿ ಕಾಲೇಜುಗಳಿಗೆ ಹೊಸ ಹುಡುಗರು ಬರುತ್ತಾರೆ, ಕೆಸರಿನ ಮೈದಾನದಲ್ಲಿ ಆಯ್ಕೆ ನಡೆಯುತ್ತದೆ, ಹಳಬರು ಕೊಡೆ ಹಿಡಿದು ಬೇಲಿಯ ಹೊರಗೆ ನಿಂತು 'ಎಡಗಾಲು ಪರವಾಗಿಲ್ಲ' ಎಂದು ತೀರ್ಪು ಕೊಡುತ್ತಾರೆ. ಆ ಹೊತ್ತಿಗೆ ಯಾರೂ ಗೆದ್ದಿರುವುದಿಲ್ಲ, ಯಾರೂ ಸೋತಿರುವುದಿಲ್ಲ. ಬೇಲಿಯ ಒಳಗಿನವನಿಗೂ ಹೊರಗಿನವನಿಗೂ ಎದೆ ಒಂದೇ ಬಗೆಯಲ್ಲಿ ಹೊಡೆದುಕೊಳ್ಳುತ್ತಿರುತ್ತದೆ. ಈ ಸಂಚಿಕೆ ನಿಮ್ಮ ಕೈ ಸೇರುವಾಗ ಯಾವುದಾದರೊಂದು ಮೈದಾನದಲ್ಲಿ ಅಂಥದೊಂದು ಆಯ್ಕೆ ನಡೆಯುತ್ತಿರಬಹುದು. ಪುರುಸೊತ್ತಿದ್ದರೆ ಕೊಡೆ ಹಿಡಿದುಕೊಂಡು ಹೋಗಿ ನಿಂತು ನೋಡಿ. ಯಾರಾದರೂ 'ಜಯಿಕ್ಕುಮೋ' ಎಂದು ಕೇಳಿದರೆ ನಿಮ್ಮ ಭಾಷೆಯಲ್ಲೇ ಉತ್ತರ ಕೊಡಿ, ಅವರಿಗೆ ಅರ್ಥವಾಗುತ್ತದೆ.